ಕೋಟೆಯ ಬಾಗಿಲಲ್ಲಿ ಅರ್ಧಾ ಉಳವಪ್ಪ

ರಾಮದುರ್ಗದ ಪೇಟೆಯಲ್ಲಿ ಉಳವಪ್ಪನ ಬಟ್ಟೆ ಅಂಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಯಾವ ಉಳವಪ್ಪ? ಅರ್ಧಾ ಉಳವಪ್ಪನೇನು?" ಎಂಬ ಮರುಪ್ರಶ್ನೆ ಬರುತ್ತಿತ್ತು. ಪರವೂರಿನವರು ಇವನೇನೋ ಕುಳ್ಳ ಆಸಾಮಿ ಇರಬೇಕು ಎಂದುಕೊಳ್ಳುತ್ತಿದ್ದರು. ಹಾಗೇನಿಲ್ಲ, ಆಳು ಆರಡಿಗೆ ಕಡಿಮೆ ಇರಲಿಲ್ಲ. ಅರ್ಧಕ್ಕೆ ನಿಲ್ಲುತ್ತಿದ್ದುದು ಅವನು ಕೈ ಹಾಕಿದ ಕೆಲಸ. ಮೆಟ್ರಿಕ್ ಪರೀಕ್ಷೆಗೆ ಕುಳಿತವನು ಗಣಿತದ ದಿನ ಮನೆಯಲ್ಲೇ ಉಳಿದ. ತಬಲಾ ಕಲಿಯಲು ಹೋಗಿ ಎಡಗೈ ಪಾಠ ಮುಗಿಸಿದ, ಬಲಗೈಗೆ ಪುರುಸೊತ್ತಾಗಲಿಲ್ಲ. ಮನೆಯ ಮೇಲೆ ಮಾಳಿಗೆ ಎತ್ತಿಸುತ್ತೇನೆಂದು ಕಬ್ಬಿಣದ ಸರಳು ನಿಲ್ಲಿಸಿದ. ಅವಕ್ಕೆ ಹಗ್ಗ ಕಟ್ಟಿ ಹೆಂಡತಿ ಶಟ್ಟೆವ್ವ ವರ್ಷಗಟ್ಟಲೆ ಸೀರೆ ಒಣಹಾಕುತ್ತಿದ್ದಳು. ಪಡಸಾಲೆಗೂ ಅಡುಗೆಮನೆಗೂ ನಡುವೆ ಎಬ್ಬಿಸಿದ ಗೋಡೆ ಅವಳ ಗದ್ದದವರೆಗೆ ಬಂದು ನಿಂತುಬಿಟ್ಟಿತ್ತು. ಬಂದವರಿಗೆಲ್ಲ ಒಳಗಿನ ಪಾತ್ರೆ ಭಾಂಡೆ ಕಾಣುತ್ತಿದ್ದವು, ಒಗ್ಗರಣೆಯ ಘಾಟು ಸೀದಾ ಪಡಸಾಲೆಗೆ ಬಂದು ಬೀಗರನ್ನು ಸೀನಿಸುತ್ತಿತ್ತು.

ಶಟ್ಟೆವ್ವ ದನಿ ಎತ್ತಿ ಬೈಯುವ ಹೆಂಗಸಲ್ಲ. ಒಂದೇ ಮಾತು ಹೇಳುತ್ತಿದ್ದಳು: "ಹಿಡದದ್ದು ಒಂದರ ಮುಟ್ಟಿಸ್ರಿ. ನಾ ಕಣ್ಣ ಮುಚ್ಚೂದ್ರಾಗ ಒಂದರ ನೋಡತೇನಿ."

ಬೈದಿದ್ದರೆ ಉಳವಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತು ಮಾತ್ರ ಅವನಿಗೆ ಊಟದ ನಡುವೆ ಸಿಕ್ಕ ಹರಳಿನಂತೆ ಚುಚ್ಚುತ್ತಿತ್ತು.

ಹೀಗಿರುವಾಗ, ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಮನೆಗೆ ಟಿವಿ ಗೇಮ್ ಬಂತು. ಪಕ್ಕದ ಮನೆಯ ಮೆಹಬೂಬಸಾಬ ಟಿವಿ ರಿಪೇರಿ ಮಾಡುವವನು. ಮಗಳು ಜನ್ನತಳಿಗೆಂದು ಬೆಳಗಾವಿಯಿಂದ ಅದನ್ನು ತಂದಿದ್ದ. ಆದರೆ ಊರ ಟಿವಿಗಳನ್ನೆಲ್ಲ ಸರಿ ಮಾಡುವ ಆ ಪುಣ್ಯಾತ್ಮನ ಸ್ವಂತ ಟಿವಿ ಮಾತ್ರ ಸದಾ ಹೊಟ್ಟೆ ಬಿಚ್ಚಿಕೊಂಡು ಮಂಚದ ಮೇಲೆ ಮಲಗಿರುತ್ತಿತ್ತು. ಹೀಗಾಗಿ ಆಟದ ಡಬ್ಬಿ ಉಳವಪ್ಪನ ಪಡಸಾಲೆಗೆ ಬಂತು. ಜನ್ನತ ಕೆಲವು ದಿನ ಆಡಿದಳು, ಉಳವಪ್ಪ ಕಾಕಾನಿಗೂ ಕಲಿಸಿದಳು, ಆಮೇಲೆ ರಜೆಗೆ ಸವದತ್ತಿಯ ಅಜ್ಜಿಯ ಮನೆಗೆ ಹೋದಳು. ಡಬ್ಬಿ ಇಲ್ಲೇ ಉಳಿಯಿತು.

ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಿದ್ದರಿಂದ ಆಟದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ನೀಲಿ ಅಂಗಿಯ, ಬೆನ್ನಿಗೆ ಚೀಲ ಹಾಕಿದ ಒಬ್ಬ ಪುಟ್ಟ ಮನುಷ್ಯ. ಅವನಿಗೆ ಇವರೇ ಗಿಡ್ಡಪ್ಪ ಎಂದು ಹೆಸರಿಟ್ಟರು. ಗಿಡ್ಡಪ್ಪ ಓಡಬೇಕು, ಕಲ್ಲು ಮುಳ್ಳು ಜಿಗಿಯಬೇಕು, ಹಣ್ಣು ಹೆಕ್ಕಬೇಕು. ಮೊದಲು ತೋಟದ ಸ್ಟೇಜು, ಆಮೇಲೆ ಗುಹೆ, ನೀರು, ಮೋಡ, ಕಡೆಗೆ ಕೋಟೆ. ಕೋಟೆಯ ತುದಿಗೊಂದು ದೊಡ್ಡ ಬಾಗಿಲು. ಅದನ್ನು ಹೊಕ್ಕರೆ ಆಟ ಮುಗಿದಂತೆ.

ಜನ್ನತಳಿಗೆ ನೀರಿನ ಸ್ಟೇಜು ಪ್ರಾಣ. ಮೆಹಬೂಬಸಾಬನಿಗೆ ಗುಹೆ ಸೇರುತ್ತಿತ್ತು. ಕತ್ತಲಲ್ಲಿ ತಡಕಾಡಿ ದಾರಿ ಹುಡುಕುವುದು ಅವನ ಕಸುಬೇ ಆಗಿತ್ತು. ಉಳವಪ್ಪನ ಮನಸ್ಸು ಕದ್ದದ್ದು ಮೋಡದ ಸ್ಟೇಜು. ಅಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಮೋಡ ತಾನೇ ಬರುತ್ತದೆ, ಹತ್ತಿ ನಿಂತರೆ ತಾನೇ ಒಯ್ಯುತ್ತದೆ. ಇಂಥ ಸ್ಟೇಜನ್ನು ಜೀವನದಲ್ಲಿ ಯಾರೂ ತನಗೆ ಕೊಡಲಿಲ್ಲವಲ್ಲ ಎಂದು ಉಳವಪ್ಪ ಬೇಕೆಂದೇ ಅಲ್ಲಿ ನಾಲ್ಕು ಸುತ್ತು ಹೆಚ್ಚಿಗೆ ಹೊಡೆಯುತ್ತಿದ್ದ. ಶಟ್ಟೆವ್ವ ತನಗೆ ಯಾವ ಸ್ಟೇಜೂ ಬೇಡ ಎನ್ನುತ್ತಿದ್ದಳು. ಆದರೆ ತೋಟದ ಸ್ಟೇಜಿನ ಸಂಗೀತ ಸುರುವಾದಾಗ ಒಳಗೆ ರೊಟ್ಟಿ ಬಡಿಯುವ ಸದ್ದು ಅದರ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.

ಅಡ್ಡಿಯಾದದ್ದು ಕರೆಂಟು. ಹಗಲು ವೋಲ್ಟೇಜ್ ಇಲ್ಲದೆ ಟಿವಿಯ ಚಿತ್ರ ಒಣಗಿದ ಹಪ್ಪಳದಷ್ಟಾಗುತ್ತಿತ್ತು. ಸಂಜೆ ಐದಕ್ಕೆ ಅಂಗಡಿಯನ್ನು ಆಳಿಗೆ ಒಪ್ಪಿಸಿ ಉಳವಪ್ಪ ಆಟಕ್ಕೆ ಕುಳಿತರೆ, ಗಿಡ್ಡಪ್ಪ ಕೋಟೆಯ ಹತ್ತಿರ ಬರುವ ಹೊತ್ತಿಗೆ ಏಳು ಹೊಡೆಯುತ್ತಿತ್ತು, ಕರೆಂಟು ಹೋಗುತ್ತಿತ್ತು. ಒಮ್ಮೆ ಹೋಯಿತೆಂದರೆ ಮುಗಿಯಿತು, ಮತ್ತೆ ತೋಟದಿಂದಲೇ ಸುರು. ಮೇ ತಿಂಗಳೆಲ್ಲ ಹೀಗೆಯೇ ಕಳೆಯಿತು.

ಒಂದು ಗುರುವಾರ ಮೆಹಬೂಬಸಾಬ ಹಿತ್ತಿಲ ಗೋಡೆಯಾಚೆಯಿಂದ ಕೂಗಿದ: "ಉಳವಪ್ಪಣ್ಣ, ರವಿವಾರ ಮುಂಜಾನೆ ಜನ್ನತ ಬರತಾಳ. ಟಿವಿನೂ ರಿಪೇರಿ ಆಗೈತಿ. ಡಬ್ಬಿ ಒಯ್ಯತೇನಿ ನೋಡ್ರಿ."

"ಅಷ್ಟರಾಗ ಮುಗಸ್ತೇನಿ ಬಿಡು," ಎಂದ ಉಳವಪ್ಪ ಗತ್ತಿನಿಂದ.

ಒಳಗಿನಿಂದ ಶಟ್ಟೆವ್ವ ನಕ್ಕಳು. ನಗೆ ಜೋರಾಗಿರಲಿಲ್ಲ, ಆದರೆ ಉಳವಪ್ಪನಿಗೆ ಕೇಳಿಸಿತು. ಮಾಳಿಗೆ, ಮೆಟ್ರಿಕ್ಕು, ತಬಲಾ ಎಲ್ಲ ಹಾಳಾಗಲಿ, ಇದೊಂದನ್ನು ಮುಟ್ಟಿಸದಿದ್ದರೆ ತಾನು ಮನುಷ್ಯನೇ ಅಲ್ಲ ಎಂದು ಆ ಕ್ಷಣ ಅವನು ನಿರ್ಧರಿಸಿದ.

ಶುಕ್ರವಾರ ಕರೆಂಟ್ ಆಫೀಸಿಗೆ ಹೋದ. ಅಲ್ಲಿನ ಸಾಹೇಬರು ನಿಜಗುಣಪ್ಪನವರು. ಮೆತ್ತಗಿನ ಮನುಷ್ಯ, ಬಂದವರ ಬೈಗುಳವನ್ನೆಲ್ಲ ಚಹಾದ ಜೊತೆ ಕುಡಿಯುತ್ತ ಬಂದವರು.

"ನಾಳಿ ಸಂಜೀಕ ನಮ್ಮ ಓಣ್ಯಾಗ ಒಂದ್ ತಾಸು ಕರೆಂಟ್ ತಗೀಬ್ಯಾಡ್ರಿ ಸಾಹೇಬ್ರ," ಎಂದ ಉಳವಪ್ಪ.

"ಯಾಕ್ರಿ? ಏನ್ ಐತಿ ಮನ್ಯಾಗ?"

ಗಿಡ್ಡಪ್ಪನ ವಿಷಯ ಹೇಳಲು ಬಾಯಿ ಬರಲಿಲ್ಲ. ಐವತ್ತರ ಹತ್ತಿರ ಬಂದ ಗೃಹಸ್ಥ, ಪೇಟೆಯ ವ್ಯಾಪಾರಿ ಸಂಘದ ಖಜಾಂಚಿ! ನಾಲಿಗೆಗೆ ಸಿಕ್ಕಿದ್ದು ಬೇರೆ: "ಅತ್ತಿ ಸೀರಿಯಸ್ ಅದಾಳ್ರಿ. ಮಷೀನ್ ಹಚ್ಚೇವಿ. ಕರೆಂಟ್ ಹೋತಂದ್ರ ಕಷ್ಟ ಐತ್ರಿ."

ನಿಜಗುಣಪ್ಪನವರ ಕಣ್ಣು ತೇವವಾಯಿತು. "ಏ ಮಾಳಪ್ಪ," ಎಂದು ಲೈನ್‌ಮನ್ನನ್ನು ಕರೆದರು. "ನಾಳಿ ಇವರ ಓಣಿ ಲೈನ್ ಏಳಕ್ಕ ತಗೀಬ್ಯಾಡ. ಎಂಟರ ತನಕಾ ಇರಲಿ. ಎಂಟಾತಂದ್ರ ತಗೀ, ಇಲ್ಲಾಂದ್ರ ಮ್ಯಾಲಿನವರು ನನ್ನ ತಗೀತಾರ."

ಲೋಕದ ಕಷ್ಟವೆಂದರೆ, ಮಾಳಪ್ಪನ ಬೀಗರು ಸಾಲಹಳ್ಳಿಯವರು. ಉಳವಪ್ಪನಿಗೆ ಇದ್ದ ಒಬ್ಬಳೇ ಸೋದರತ್ತೆ ಕೆಂಚವ್ವನೂ ಸಾಲಹಳ್ಳಿಯವಳೇ. ಸುದ್ದಿ ಸಂಜೆಯ ಬಸ್ಸಿಗೆ ಹತ್ತಿ ಹೋಯಿತು.

ಶನಿವಾರ ಮಧ್ಯಾಹ್ನದಿಂದ ಜನ ಬರತೊಡಗಿದರು. ಬೇನೆ ಬಿದ್ದವರನ್ನು ಮಾತಾಡಿಸದೆ ಬಿಡುವುದು ನಮ್ಮ ಕಡೆ ಕೊಲೆಗೆ ಸಮಾನವಾದ ಅಪರಾಧ. ಬರಿಗೈಯಲ್ಲಿ ಹೋಗುವುದು ಅದಕ್ಕಿಂತ ದೊಡ್ಡದು. ಮೂರು ಗಂಟೆಯ ಹೊತ್ತಿಗೆ ಪಡಸಾಲೆಯ ಗೂಡಿನಲ್ಲಿ ಬ್ರೆಡ್ಡಿನ ಪುಡಿಕೆಗಳು, ಬಾಳೆಹಣ್ಣು, ಎಳನೀರು ಸೇರಿದವು. "ಮಲಗ್ಯಾಳ್ರಿ, ಒಳಗ ಮಲಗ್ಯಾಳ," ಎಂದು ಉಳವಪ್ಪ ಬಂದವರನ್ನು ಕಟ್ಟೆಯ ಮೇಲೆಯೇ ಕೂಡಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

"ಯಾರ್ ಮಲಗ್ಯಾರ್ರಿ? ಇರಲಾರದಾಕಿ ಹೆಸರಿಲೆ ನಾ ಎಷ್ಟ್ ಚಹಾ ಕಾಸಲಿ?" ಎಂದು ಶಟ್ಟೆವ್ವ ಅರ್ಧ ಗೋಡೆಯ ಮೇಲಿಂದ ಪಿಸುಗುಟ್ಟಿದಳು.

ಅಷ್ಟರಲ್ಲಿ ಹಿತ್ತಿಲ ಬಾಗಿಲು ಕಿರ್ರ್ ಎಂದಿತು. ಬುಟ್ಟಿಯಲ್ಲಿ ಶೇಂಗಾ ಹೊತ್ತು, ಬಸ್‌ಸ್ಟ್ಯಾಂಡಿನಿಂದ ಒಳದಾರಿ ಹಿಡಿದು ನಡೆದು ಬಂದ ಕೆಂಚವ್ವ ನಿಂತಿದ್ದಳು. ಎಪ್ಪತ್ತು ದಾಟಿದ್ದರೂ ಉಸಿರು ಏರಿರಲಿಲ್ಲ.

"ಏನೋ ಉಳವ್ಯಾ, ನಿಮ್ಮತ್ತಿ ಸಾಯಾಕ ಹತ್ತ್ಯಾಳಂತ?" ಎಂದಳು. "ನಿನಗ ನಾ ಒಬ್ಬಾಕೀನ ಅತ್ತಿ. ಮತ್ತ ಸಾಯಾಕ ಹತ್ತಿದಾಕಿ ಯಾವಾಕೆಪಾ?"

ಉಳವಪ್ಪ ಅವಳ ಕಾಲು ಹಿಡಿದ. ಗಿಡ್ಡಪ್ಪ, ಕೋಟೆ, ಕರೆಂಟು, ಎಲ್ಲ ಹೇಳಿದ. ಇಂದೇ ಕಡೆಯ ದಿನ ಎಂದ. ಕೆಂಚವ್ವ ಗೂಡಿನ ಕಡೆ ನೋಡಿದಳು.

"ಮಂದಿ ಬ್ರೆಡ್ ತಂದಾರ. ತಂದ ಬ್ರೆಡ್ ಹೊಳ್ಳಿ ಕೊಡಾಕ ಬರತೈತೇನು? ಹಾಸಗಿ ಹಾಸು." ಸ್ವಲ್ಪ ತಡೆದು ಹೇಳಿದಳು: "ಹಂಗೂ ನನ್ನ ಬಗ್ಗೆ ಮಂದಿ ಏನ್ ಮಾತಾಡತಾರ ಕೇಳಬೇಕಂತ ಭಾಳ ದಿನಾ ಆಗಿತ್ತು."

ಟಿವಿಯ ಪಕ್ಕದ ಮಂಚದ ಮೇಲೆ ಕೌದಿ ಹೊದ್ದು ಅವಳು ಮಲಗಿದಳು. ಐದು ಹೊಡೆಯಿತು. ಉಳವಪ್ಪ ಟಿವಿ ಹಚ್ಚಿ, ಡಬ್ಬಿಯ ರಿಮೋಟ್ ಕೈಗೆತ್ತಿಕೊಂಡು ತೋಟಕ್ಕೆ ಇಳಿದ. ಅದೇ ಕ್ಷಣಕ್ಕೆ ಕಟ್ಟೆಯ ಮೇಲೆ ಕಾಯ್ದು ಬೇಸತ್ತ ಮಂದಿ ಒಳಗೆ ನುಗ್ಗಿತು.

ಮುಂದಿದ್ದವನು ಹೂಲಿಯ ಸೋಮಪ್ಪ. ಅವನು ಹಿಂದೆ ಯಾವುದೋ ಊರಿನ ದೊಡ್ಡ ದವಾಖಾನೆಯೊಂದರ ಎದುರು ಚಹಾದಂಗಡಿ ಇಟ್ಟಿದ್ದ. ಹೀಗಾಗಿ ಅರ್ಧ ವೈದ್ಯಕೀಯ ಅವನಿಗೆ ತಿಳಿದಿತ್ತು. ಉಳಿದರ್ಧವನ್ನು ಅಲ್ಲಲ್ಲೇ ಹುಟ್ಟಿಸುತ್ತಿದ್ದ.

"ಇದೇನ್ರಿ ಉಳವಪ್ಪನವರ, ಬೇನಿ ಮನ್ಯಾಗ ಟಿವಿ ಹಚ್ಚಿ ಕುಂತೀರಿ?" ಎಂದು ಒಬ್ಬರು ಕೇಳಿದರು.

ಕೈಬಿಟ್ಟರೆ ಗಿಡ್ಡಪ್ಪ ಮುಳ್ಳಿಗೆ ಬೀಳುತ್ತಾನೆ. ಕಣ್ಣು ಕೀಳದೆ ಉಳವಪ್ಪ ಅಂದ: "ಇದಽ ಮಷೀನ್ರಿ."

ಎಲ್ಲರೂ ಸೋಮಪ್ಪನ ಮುಖ ನೋಡಿದರು. ಸೋಮಪ್ಪ ವೈರುಗಳನ್ನು ನೋಡಿದ, ಅವು ಮಂಚದ ಕೆಳಗೆ ಹೋದದ್ದನ್ನು ನೋಡಿದ, ಜಿಗಿಯುತ್ತಿದ್ದ ಗಿಡ್ಡಪ್ಪನನ್ನು ನೋಡಿದ. ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲಿರಲಿಲ್ಲ.

"ದೊಡ್ಡ ದವಾಖಾನ್ಯಾಗ ಕಾಟಿನ ಬಾಜೂಕ ಟಿವಿ ಇರತೈತಿ," ಎಂದ. "ಅದರಾಗ ಒಂದ್ ಗೆರಿ ಜಿಗೀತಿರತೈತಿ. ಗೆರಿ ಜಿಗ್ಯೂತನಕಾ ಜೀವ ಅದ ಅಂತ ತಿಳೀಬೇಕು. ಇದು ಹೊಸಾ ಮಾಡೆಲ್ಲು. ಗೆರಿ ಬದ್ಲಿ ಮನಶಾನ್ನ ಹಾಕ್ಯಾರ. ಕೈಲೆ ಒತ್ತಿ ನಡಸಬೇಕು."

ಆರು ಹೊಡೆಯುವುದರೊಳಗೆ ಮನೆ ತುಂಬಿತು. ಏಳಕ್ಕೆ ಊರೆಲ್ಲ ಕತ್ತಲಾದ ಮೇಲೆ, ಈ ಓಣಿಯಲ್ಲಿ ಮಾತ್ರ ದೀಪ ಇರುವುದನ್ನು ಕಂಡು ಬೇರೆ ಓಣಿಗಳವರೂ ಬಂದರು. ಮೊದಲಿಗೆ ಗಿಡ್ಡಪ್ಪ ತೋಟದಲ್ಲಿ ಹಣ್ಣು ಹೆಕ್ಕಿದಾಗಲೇ "ರಕ್ತ ಹೆಚ್ಚಾತು" ಎಂದಿದ್ದ ಸೋಮಪ್ಪ. ಗುಹೆಯ ಕತ್ತಲಲ್ಲಿ "ಎಚ್ಚರ ತಪ್ಪ್ಯಾಳ" ಎಂದ. ನೀರಿನ ಸ್ಟೇಜು ಬಂದಾಗ ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟ: "ಎದ್ಯಾಗ ನೀರ ತುಂಬೈತಿ."

ನೀರಿನಲ್ಲಿ ಉಳವಪ್ಪ ಸದಾ ಎಡವುವವನೇ. ಗಿಡ್ಡಪ್ಪ ಮುಳುಗಿ, ಆಟದಲ್ಲಿ ಅವನಿಗಿದ್ದ ಮೂರು ಜೀವಗಳಲ್ಲಿ ಒಂದು ಹೋಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮತ್ತೆ ಮುಳುಗಿದ, ಇನ್ನೊಂದು ಹೋಯಿತು. ಉಳಿದದ್ದು ಒಂದೇ ಜೀವ. ಕೌದಿಯೊಳಗಿಂದ ಕೆಂಚವ್ವ, ಕರ್ತವ್ಯ ಎಂಬಂತೆ, ಹದವಾಗಿ ನರಳಿದಳು.

"ಎಂಥಾ ಹೆಂಗಸಿದ್ಲು! ಉಣ್ಣಾಕ ನೀಡಿದ್ರ ಕೈ ಬಿಗಿ ಹಿಡದಾಕಿ ಅಲ್ಲ," ಎಂದು ಯಾರೋ ಕಣ್ಣೊರೆಸಿಕೊಂಡರು. ನರಳಿಕೆಯಲ್ಲಿ ಸ್ವಲ್ಪ ಸಂತೋಷ ಬೆರೆಯಿತು.

ಮೋಡದ ಸ್ಟೇಜು ಬಂದಾಗ ಎಲ್ಲರೂ ಉಸಿರು ಬಿಟ್ಟರು. ಗಿಡ್ಡಪ್ಪ ಮೋಡದಿಂದ ಮೋಡಕ್ಕೆ ನಿಧಾನವಾಗಿ ತೇಲಿದ. "ಈಗ ಆರಾಮ ನಿದ್ದಿ ಹತ್ತೈತಿ," ಎಂದ ಸೋಮಪ್ಪ, ತನಗೇ ನಿದ್ದೆ ಬಂದವನಂತೆ. ಮುದುಕರೊಬ್ಬರು "ಹೊತ್ತು ಬಂದಾಗ ನನಗೂ ಹಿಂಥಾದಽ ಹಚ್ರಿ" ಎಂದು ಮಗನಿಗೆ ಅಲ್ಲೇ ಹೇಳಿದರು. ಅಂದು ಉಳವಪ್ಪ ಮಾತ್ರ ಹೆಚ್ಚಿನ ಸುತ್ತು ಹೊಡೆಯಲಿಲ್ಲ. ಜೀವ ಹೋಗಬಾರದೆಂದು ಹೆಜ್ಜೆ ಹೆಜ್ಜೆಗೂ ತಡೆದು ಆಡಿದ್ದರಿಂದ ಗೋಡೆಯ ಗಡಿಯಾರ ಆಗಲೇ ಏಳೂವರೆ ದಾಟಿತ್ತು.

ಕೋಟೆಗೆ ಕಾಲಿಟ್ಟಾಗಲೇ ಬಾಗಿಲಲ್ಲಿ ಜನ ಸರಿದು ದಾರಿ ಬಿಟ್ಟರು. ನಿಜಗುಣಪ್ಪ ಸಾಹೇಬರು, ಕೈಯಲ್ಲಿ ಬಾಳೆಹಣ್ಣು ಹಿಡಿದು, ರೋಗಿಯನ್ನು ಮಾತಾಡಿಸಲು ತಾವೇ ಬಂದಿದ್ದರು. ಮಂಚದ ಕಡೆ ಕೈಮುಗಿದರು. ಆಮೇಲೆ ಟಿವಿ ನೋಡಿದರು.

ನೋಡುತ್ತಲೇ ನಿಂತರು.

ಸಾಹೇಬರ ಕ್ವಾರ್ಟರ್ಸಿನಲ್ಲೂ ಇಂಥದೇ ಡಬ್ಬಿ ಇರಬಹುದು ಎಂದು ಉಳವಪ್ಪನಿಗೆ ಹೊಳೆದಿರಲಿಲ್ಲ. ಅವರ ಮುಖ ನೋಡಿದ ಮೇಲೆ ಹೊಳೆಯಿತು. ಈಗ ಎಲ್ಲರೆದುರು ಮಾನ ಹೋಗುತ್ತದೆ, ಓಣಿಯ ಕರೆಂಟೂ ಹೋಗುತ್ತದೆ. ಸಾಹೇಬರು ಅವನ ಪಕ್ಕ ಚಾಪೆಯ ಮೇಲೆ ಮೆಲ್ಲಗೆ ಕುಳಿತರು. ಕಿವಿಯ ಹತ್ತಿರ ಬಾಗಿದರು.

"ನೀರಿನ ಸ್ಟೇಜು ಹೆಂಗ ದಾಟಿದ್ರಿ?" ಎಂದು ಕೇಳಿದರು. "ಆರು ತಿಂಗಳಾತು, ನನ್ನ ಕೈಲೆ ಆಗವಲ್ದು."

"ಕೆಳಗ ಹೋಗಬಾರದ್ರಿ. ಮ್ಯಾಲಿನ ದಂಡಿ ಹಿಡೀಬೇಕು."

"ಹೌದಾ!" ಎಂದರು ಸಾಹೇಬರು. ಹೆಂಡತಿಗೂ ಹೇಳದ ದುಃಖ ಅವರ ಮುಖದಿಂದ ಇಳಿಯಿತು. ಆಮೇಲೆ ಅವರು ಕದಲಲಿಲ್ಲ. ಕೋಟೆಯ ಅಂಗಳದ ಬೆಂಕಿ ದಾಟುವಾಗ "ಈಗ ಜಿಗೀರಿ" ಎಂದರು, ಉರುಳಿ ಬರುವ ಗುಂಡು ತಪ್ಪಿಸುವಾಗ "ತಡೀರಿ, ತಡೀರಿ" ಎಂದರು. ಆಫೀಸರು ತಾವೇ ಕುಳಿತು ಜೀವ ಉಳಿಸುತ್ತಿದ್ದಾರೆಂದು ಜನ ಕೈಮುಗಿದರು. "ಭಾಳ ಜ್ವರ ಏರೈತಿ," ಎಂದ ಸೋಮಪ್ಪ, ಬೆಂಕಿ ತೋರಿಸುತ್ತ.

ದೊಡ್ಡ ಬಾಗಿಲು ಕಂಡಿತು. ಇದುವರೆಗೆ ಉಳವಪ್ಪ ನೋಡದಿದ್ದ ಬಾಗಿಲು. ಗಿಡ್ಡಪ್ಪ ಓಡಿದ. ಕೌದಿಯೊಳಗಿಂದ ಇಣುಕುತ್ತಿದ್ದ ಕೆಂಚವ್ವನಿಗೆ ತಡೆಯಲಾಗಲಿಲ್ಲ. "ಜಿಗಿಯೋ ನನ್ನಪ್ಪಾ, ಜಿಗಿಯೋ!" ಎಂದು ಎದ್ದೇ ಕುಳಿತಳು. ಗಿಡ್ಡಪ್ಪ ಜಿಗಿದ, ಬಾಗಿಲು ತೆರೆಯಿತು.

ಕರೆಂಟು ಹೋಯಿತು.

ಸೋಮಪ್ಪನ ಗಂಭೀರ ದನಿ ಕೇಳಿತು: "ಹ್ವಾದ್ಲು." ಅಷ್ಟೇ ಸಾಕಾಯಿತು. ಹೆಂಗಸರು ಗೊಳೋ ಎಂದು ಅಳತೊಡಗಿದರು. ಓಣಿಯಲ್ಲಿ ನಾಯಿಗಳು ದನಿಗೂಡಿಸಿದವು. ಕತ್ತಲಲ್ಲಿ ಸಾಹೇಬರು ಮಾತ್ರ ಬೇರೆಯೇ ರಾಗದಲ್ಲಿ ಚೀರುತ್ತಿದ್ದರು: "ಯಾವ ಮಂಗ್ಯಾ ತಗದಾಂವಾ? ಯಾರ ಹೇಳಿದ್ರು ತಗ್ಯಾಕ?"

ಬಾಗಿಲ ಕಡೆಯಿಂದ ಯಾರೋ ವಿನಯದಿಂದ ನೆನಪಿಸಿದರು: "ಎಂಟಾತಲ್ರಿ ಸಾಹೇಬ್ರ. ನೀವಽ ಹೇಳೀರಂತ ಮಾಳಪ್ಪ ಮುಂಜಾನಿಂದ ಓಣಿ ತುಂಬ ಹೇಳಕೋತ ಹೊಂಟಿದ್ದ."

ಸಾಹೇಬರು ಹಣೆ ಬಡಿದುಕೊಂಡ ಸದ್ದು ಎಲ್ಲರಿಗೂ ಕೇಳಿಸಿತು. ಅಷ್ಟರಲ್ಲಿ ಅಳುವಿನ ನಡುವಿನಿಂದ ಕೆಂಚವ್ವನ ದನಿ ಎದ್ದಿತು:

"ಯಾರ ಸತ್ತಾರಂತ ಅಳಾಕ ಹತ್ತೀರಿ? ಬಾಯಿ ಮುಚ್ರಿ! ಬಾಗಲದಾಗ ಹ್ವಾದ್ನೋ ಇಲ್ಲೋ, ಮೊದಲ ಅದನ್ನ ಹೇಳ್ರಿ!"

ಮುಂದಿನ ಕೆಲವು ನಿಮಿಷ ಯಾರು ಯಾರ ಮೇಲೆ ಬಿದ್ದರು ಎಂಬುದಕ್ಕೆ ಕತ್ತಲೇ ಸಾಕ್ಷಿ. ಶಟ್ಟೆವ್ವ ಕಂದೀಲು ತಂದಿಟ್ಟಾಗ ಕೆಂಚವ್ವ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಬ್ರೆಡ್ಡು ತಿನ್ನುತ್ತಿದ್ದಳು. ಉಳವಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಜನ ಮೊದಲು ಸಿಟ್ಟಾದರು. ಆದರೆ ಸಿಟ್ಟಿಗಿಂತ ದೊಡ್ಡ ಪ್ರಶ್ನೆ ಇನ್ನೂ ಬಾಕಿ ಇತ್ತು. ಒಬ್ಬ ಗಿಡ್ಡಪ್ಪನ ಒಂದು ಕಾಲು ಒಳಗಿತ್ತು ಎಂದ. ಇನ್ನೊಬ್ಬ ಹೊಸ್ತಿಲಿಗೆ ತಾಗಿತ್ತು ಅಷ್ಟೇ ಎಂದ. "ಅಂದ್ರ ಪೇಷಂಟ್ ಒಳಗ್ಹೋಗಿ ಹೊಳ್ಳಿ ಬಂದಾಳ," ಎಂದ ಸೋಮಪ್ಪ. ಅವನು ಇನ್ನೂ ವೈದ್ಯಕೀಯ ಬಿಟ್ಟಿರಲಿಲ್ಲ. ಕಡೆಗೆ ಎಲ್ಲರೂ ಸಾಹೇಬರ ತೀರ್ಮಾನ ಕೇಳಿದರು. ಅವರು ಬೆರಳು ಮಡಿಸುತ್ತ ಲೆಕ್ಕ ಹಾಕಿದರು.

"ಕೋಟಿ ದಾಟ್ಯಾರ, ಬಾಗಲ ತಗಸ್ಯಾರ. ಒಳಗ ಹೋಗಿದ್ದು ಕಂಡಿಲ್ಲ," ಎಂದರು. "ಅರ್ಧಾ ಅಂತೂ ಅನ್ನಾಕ ಬರೂದಿಲ್ಲ. ಮುಕ್ಕಾಲು ಅನ್ನಬೇಕು."

ರಾತ್ರಿ ಊಟಕ್ಕೆ ಉಳವಪ್ಪ ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತ ಕುಳಿತಿದ್ದ. ಊರ ಮುಂದೆ ಇಷ್ಟೆಲ್ಲ ಆಗಿ ಬರೀ ಮುಕ್ಕಾಲು. ಮುಂಜಾನೆ ಎದ್ದವನೇ ಮೊದಲು ಗೋಡೆ ಕಟ್ಟುವ ಗೌಂಡಿಯನ್ನು ಕರೆಸಿದ. ಈ ದರಿದ್ರ ಗೋಡೆಯನ್ನಾದರೂ ಇವತ್ತು ಮೇಲಿನ ತನಕ ಮುಟ್ಟಿಸಿಯೇ ತೀರುತ್ತೇನೆ ಎಂಬ ಹಟ. ಗೌಂಡಿ ಸಿಮೆಂಟು ಕಲಸುತ್ತಿರುವಾಗ ಮೆಹಬೂಬಸಾಬ ಡಬ್ಬಿ ಒಯ್ಯಲು ಮಗಳೊಂದಿಗೆ ಬಂದ.

"ಏನ್ರಿ ಮುಕ್ಕಾಲು ಉಳವಪ್ಪಣ್ಣ!" ಎಂದ ನಗುತ್ತ. ಪೇಟೆಯಲ್ಲಿ ಹೆಸರು ಆಗಲೇ ಬದಲಾಗಿತ್ತು.

ಜನ್ನತ ಮಾತ್ರ ನಗಲಿಲ್ಲ. "ಕಾಕಾ, ಖರೇನ ಮುಗಿಸಿದ್ರಿ? ಒಳಗ ಹ್ವಾದ್ನ?" ಎಂದು ಕೇಳಿದಳು.

ಉಳವಪ್ಪ ತಲೆ ತಗ್ಗಿಸಿ ಡಬ್ಬಿಯ ವೈರು ಸುತ್ತತೊಡಗಿದ.

"ಹ್ವಾದ," ಎಂದಿತು ಒಳಗಿನಿಂದ ಒಂದು ದನಿ. ಗೋಡೆಯ ಮೇಲೆ ಗದ್ದ ಊರಿ ಶಟ್ಟೆವ್ವ ನಿಂತಿದ್ದಳು. "ಎರಡೂ ಕಾಲು ಒಳಗ ಹೋಗಿದ್ದುವು. ಬಾಗಲ ಮುಚ್ಚಾಕ ಹತ್ತಿತ್ತು, ಆವಾಗ ಕರೆಂಟ್ ಹೋತು. ನೀವೆಲ್ಲಾ ಮುದುಕಿ ಕೂಗಿದ್ಲಂತ ಆ ಕಡೆ ತಿರುಗಿದ್ರಿ. ನಾ ಇಲ್ಲಿಂದ ನೋಡೇನಿ. ಇಡೀ ತಿಂಗಳಾ ಇಲ್ಲಿಂದಽ ನೋಡೇನಿ."

ಉಳವಪ್ಪನ ಕೈಯಲ್ಲಿದ್ದ ವೈರು ಬಿಚ್ಚಿಕೊಂಡಿತು. ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡದೆ, ಕರಣಿ ಹಿಡಿದು ನಿಂತಿದ್ದ ಗೌಂಡಿಗೆ ಹೇಳಿದಳು:

"ಚಹಾ ಕುಡದು ಹೋಗಪಾ. ಈ ಗ್ವಾಡಿ ಇಷ್ಟಽ ಇರಲಿ."